ಪರದೆಯ ಬಲಗಡೆ

ಕಡ್ಡಿ ಅಂತ ಹೆಸರು ಬಿದ್ದದ್ದು ಅವಳ ಮೈಕಟ್ಟು ನೋಡಿ ಅಂದುಕೊಂಡರೆ ಅದು ಅರ್ಧ ಸರಿ. ತೆಳ್ಳಗಿದ್ದಳು, ನಿಜ. ಬೆನ್ನಿಗೆ ಬ್ಯಾಗು ಇರುವುದರಿಂದ ಗಾಳಿಗೆ ಹಾರಿಹೋಗದೆ ಉಳಿದಿದ್ದಾಳೆ ಅಂತ ಎಲ್ಲರೂ ರೇಗಿಸುತ್ತಿದ್ದರು. ಆದರೆ ಅಸಲಿ ಕಾರಣ ಅವಳ ಬಾಯಿ. ಕಡ್ಡಿ ಮುರಿದ ಹಾಗೆ ಮಾತು. ಎಂಟನೇ ಕ್ಲಾಸಿನಲ್ಲಿ ಇತಿಹಾಸದ ಮೇಷ್ಟ್ರು, "ಯಾರಿಗೆ ಅರ್ಥ ಆಗಿಲ್ಲ, ಕೈ ಎತ್ತಿ" ಅಂದಾಗ ಇಡೀ ಕ್ಲಾಸು ಕಲ್ಲುಬಂಡೆಯಾಗಿ ಕೂತಿತ್ತು. ಇವಳೊಬ್ಬಳು ಎದ್ದು, "ಸಾರ್, ನಿಮಗೆ ಅರ್ಥ ಆಗಿದ್ಯಾ ಅಂತ ಮೊದ್ಲು ಕೇಳೋಣ ಅಂತಿದ್ದೆ" ಅಂದಳು. ಮೇಷ್ಟ್ರು ವಾರವಿಡೀ ಅವಳನ್ನು ಬಾಗಿಲಾಚೆ ನಿಲ್ಲಿಸಿದರು.

ಬಾಗಿಲಾಚೆ ನಿಂತವರಿಗೆ ಮಾಡಲು ಏನು ಕೆಲಸ ಹೇಳಿ? ನೋಡುವುದು. ಅವಳು ನೋಡಿದಳು. ಹೆಡ್‌ಮಾಸ್ತರು ಒಬ್ಬರೇ ಇದ್ದಾಗ ಹೇಗೆ ಕಾಲೆಳೆದು ನಡೆಯುತ್ತಾರೆ, ಯಾರಾದರೂ ದೊಡ್ಡವರು ಬಂದರೆ ಹೇಗೆ ದಾಪುಗಾಲು ಹಾಕುತ್ತಾರೆ, ಅಟೆಂಡರು ಗಂಟೆ ಹೊಡೆಯುವ ಮುಂಚೆ ಹೇಗೆ ಒಂದು ಸಲ ಕಿವಿ ತುರಿಸಿಕೊಳ್ಳುತ್ತಾನೆ, ಎಲ್ಲ. ಸಿನಿಮಾ ಮಾಡುವ ಹುಚ್ಚು ಅವಳಿಗೆ ಹತ್ತಿದ್ದು ಆ ವಾರವೇ ಅಂತ ನಾವೆಲ್ಲ ನಂಬಿದ್ದೇವೆ. ಅವಳನ್ನು ಕೇಳಿದರೆ ಮಾತ್ರ, "ಹುಚ್ಚು ಅಂತೆ, ಹುಚ್ಚು. ಕಾಲು ನೋವು ಬಂತು, ಅಷ್ಟೇ" ಅನ್ನುತ್ತಾಳೆ.

ಅವಳ ಅಮ್ಮನದು ಇಸ್ತ್ರಿ ಅಂಗಡಿ. ಅಂಗಡಿ ಅಂದರೆ ಒಂದು ದೊಡ್ಡ ಕಟ್ಟಡದ ಮೆಟ್ಟಿಲ ಕೆಳಗಿನ ಜಾಗ. ಒಂದು ಮೇಜು, ಅದರ ಮೇಲೆ ಸುಟ್ಟ ಕಲೆಗಳಿರುವ ಕಂಬಳಿ, ಮಣಭಾರದ ಇಸ್ತ್ರಿಪೆಟ್ಟಿಗೆ. ತಲೆ ಎತ್ತಿದರೆ ಮೆಟ್ಟಿಲು ತಗಲುತ್ತಿದ್ದುದರಿಂದ ಅಮ್ಮನಿಗೆ ಅರ್ಧ ಬಗ್ಗಿ ನಿಲ್ಲುವುದೇ ಅಭ್ಯಾಸ. ಶಾಲೆಯ ಅರ್ಧ ಯೂನಿಫಾರ್ಮುಗಳು ಅಲ್ಲಿಗೇ ಬರುತ್ತಿದ್ದವು. ಅಣ್ಣ ಮನೆ ಮನೆಗೆ ಸಾಮಾನು ಹಂಚುವ ವ್ಯಾನು ಓಡಿಸುತ್ತಿದ್ದ. ಹೊಸ ಫೋನು ತಗೊಂಡಾಗ, ಮೂಲೆ ಒಡೆದ ಹಳೇ ಫೋನನ್ನು ತಂಗಿಗೆ ಕೊಟ್ಟು, "ಬೀಳಿಸ್ಬೇಡ" ಅಂದ. "ನೀನು ಬೀಳಿಸಿ ಕೊಟ್ಟಿದ್ದನ್ನ ನಾನೇನು ಹೊಸ್ದಾಗಿ ಬೀಳಿಸ್ಲಿ?" ಅಂದಳು ತಂಗಿ.

ಇನ್ನು ಏಣಿ. ಏಣಿ ಅವಳ ಒಂದನೇ ಕ್ಲಾಸಿನ ಗೆಳತಿ. ಏಳನೇ ಕ್ಲಾಸಿಗೆ ಬರುವಷ್ಟರಲ್ಲಿ ಮೇಷ್ಟ್ರುಗಳಿಗಿಂತ ಎತ್ತರ ಬೆಳೆದಿದ್ದಳು. ಇಬ್ಬರೂ ಜೊತೆಗೆ ನಡೆದರೆ ಎದುರಿಗೆ ಬಂದವರು ಒಮ್ಮೆ ಮೇಲೆ, ಒಮ್ಮೆ ಕೆಳಗೆ ನೋಡಬೇಕಿತ್ತು. ಏಣಿಯ ಅಮ್ಮ ಅದೇ ಶಾಲೆಯ ವಿಜ್ಞಾನದ ಟೀಚರು. ಬಲು ಶಿಸ್ತು, ಬಲು ಚುರುಕು. ಮಾತಿಗೊಂದು ಸಲ "ಆಯ್ತಾ?" ಅನ್ನುವ ಅಭ್ಯಾಸ.

ಎಂಟನೇ ಕ್ಲಾಸಿನ ಕೊನೆಗೆ ಆ ಶಾಲೆಯಲ್ಲಿ ಒಂದು ಕೆಲಸ ಮಾಡುತ್ತಿದ್ದರು. ಅಂಕ ನೋಡಿ ಮಕ್ಕಳನ್ನು ತರಕಾರಿ ಆರಿಸಿದ ಹಾಗೆ ಆರಿಸಿ, ಒಳ್ಳೇವು ಒಂದು ಬುಟ್ಟಿಗೆ, ಬಾಡಿದವು ಇನ್ನೊಂದು ಬುಟ್ಟಿಗೆ. ಏಣಿ ಎ ಸೆಕ್ಷನ್ನಿಗೆ ಹೋದಳು. ಕಡ್ಡಿ ಡಿ ಸೆಕ್ಷನ್ನಿಗೆ. ಎ ಸೆಕ್ಷನ್ ಮೊದಲ ಮಹಡಿಯಲ್ಲಿ, ಲ್ಯಾಬಿನ ಪಕ್ಕ. ಡಿ ಸೆಕ್ಷನ್ ಸೈಕಲ್ ಸ್ಟ್ಯಾಂಡಿನ ಹಿಂದೆ, ಮುಂಚೆ ಆಟದ ಸಾಮಾನು ತುಂಬುತ್ತಿದ್ದ ಕೋಣೆಯಲ್ಲಿ. ಗಾಳಿ ಹೋದ ಚೆಂಡುಗಳು ಇನ್ನೂ ಅಟ್ಟದ ಮೇಲಿದ್ದವು. ಆಗೊಮ್ಮೆ ಈಗೊಮ್ಮೆ ಒಂದು ತಾನಾಗೇ ಉರುಳಿ ಯಾರದಾದರೂ ತಲೆ ಮೇಲೆ ಬೀಳುತ್ತಿತ್ತು. "ನೋಡ್ರಪ್ಪಾ, ಜ್ಞಾನೋದಯ ಆಯ್ತು" ಅಂತ ಹಿಂದಿನ ಬೆಂಚಿನ ಬೊಜ್ಜ ಪ್ರತಿ ಸಲ ಹೇಳುತ್ತಿದ್ದ, ಪ್ರತಿ ಸಲ ಎಲ್ಲರೂ ನಗುತ್ತಿದ್ದರು.

ಹತ್ತನೇ ಕ್ಲಾಸಿನ ಆ ವರ್ಷ ವಾರ್ಷಿಕೋತ್ಸವಕ್ಕೆ ಮಕ್ಕಳ ಕೈಯಲ್ಲೇ ಒಂದು ಸಿನಿಮಾ ಮಾಡಿಸಬೇಕು ಅಂತ ಹೆಡ್‌ಮಾಸ್ತರಿಗೆ ಹೊಳೆಯಿತು. ಹೆಸರೂ ಅವರೇ ಇಟ್ಟರು: ನಮ್ಮ ಹೈಸ್ಕೂಲು. ಏಣಿಯನ್ನು ಕರೆದು, "ಹತ್ತು ನಿಮಿಷ ಬರ್ಲಿ. ತೋಟ, ಗೆದ್ದ ಕಪ್ಪುಗಳ ಕಪಾಟು, ಲ್ಯಾಬು, ನನ್ನ ಎರಡು ಮಾತು. ಜೊತೆಗೆ ಯಾರನ್ನಾದ್ರೂ ಸೇರಿಸ್ಕೋ" ಅಂದರು.

"ನನ್ನ ಫ್ರೆಂಡ್ ಇದ್ದಾಳೆ ಸಾರ್. ಡಿ ಸೆಕ್ಷನ್ನು."

"ಡಿ ಸೆಕ್ಷನ್ನಾ?" ಹೆಡ್‌ಮಾಸ್ತರು ಕನ್ನಡಕ ತೆಗೆದು ಒರೆಸಿದರು. "ಸರಿ ಬಿಡು. ಬ್ಯಾಗು ಹಿಡ್ಕೊಳ್ಳೋಕೆ ಒಬ್ರು ಬೇಕಲ್ಲ."

ಈ ಮಾತನ್ನು ಏಣಿ ಕಡ್ಡಿಗೆ ಹೇಳಬಾರದಿತ್ತು. ಹೇಳಿದಳು. ಕಡ್ಡಿ, "ನಿನ್ನ ಬ್ಯಾಗು ನೀನೇ ಹಿಡ್ಕೋ. ನಾನು ಬರ್ತೀನಿ, ಆದ್ರೆ ನನ್ನ ಕ್ಲಾಸೂ ಬರತ್ತೆ" ಅಂದಳು. ಅವಳಿಗೆ ಬೇಕಾಗಿದ್ದು ಅಷ್ಟೇ. ನಮ್ಮ ಹೈಸ್ಕೂಲು ಅಂತ ಹೆಸರಿಟ್ಟ ಮೇಲೆ ಅದರಲ್ಲಿ ಡಿ ಸೆಕ್ಷನ್ ಇರಬೇಕು, ಇದ್ದ ಹಾಗೇ ಇರಬೇಕು.

ಇಬ್ಬರೂ ಬೇರೆ ಬೇರೆ ಕ್ಲಾಸಲ್ಲಿ ಕೂರುತ್ತಿದ್ದರಿಂದ ಕೆಲಸ ಹಂಚಿಕೊಂಡರು. ಎ ಸೆಕ್ಷನ್ನಿನಲ್ಲಿ ಏಣಿ ತನ್ನ ಫೋನಿನಲ್ಲಿ ಹಿಡಿಯಬೇಕು, ಡಿ ಸೆಕ್ಷನ್ನಿನಲ್ಲಿ ಕಡ್ಡಿ ಅಣ್ಣನ ಫೋನಿನಲ್ಲಿ. ಕ್ಲಾಸಲ್ಲಿ ಫೋನು ಇಡಲು ಹೆಡ್‌ಮಾಸ್ತರ ಅಪ್ಪಣೆ ಇತ್ತು. ಮೊದಲ ಎರಡು ದಿನ ಟೀಚರುಗಳೆಲ್ಲ ಫೋನು ಕಂಡ ತಕ್ಷಣ ಕೂದಲು ಸರಿ ಮಾಡಿಕೊಂಡರು. ಮೂರನೇ ದಿನಕ್ಕೆ ಅಭ್ಯಾಸವಾಗಿ ಎಲ್ಲರೂ ಮರೆತೇಬಿಟ್ಟರು. ಕಡ್ಡಿಯ ಫೋನು ಕಿಟಕಿಯ ಸರಳುಗಳ ಸಂದಿಯಲ್ಲಿ ಸಿಕ್ಕಿಸಿದ ಹಾಗೇ ಇರುತ್ತಿತ್ತು.

ಹೀಗೆ ಒಂದು ತಿಂಗಳು ಹಿಡಿದರು. ಆಮೇಲೆ ಒಂದು ಶನಿವಾರ ಮಧ್ಯಾಹ್ನ ಶಾಲೆಯ ಸಭೆ ನಡೆಯುವ ಹಾಲಿನ ಪ್ರೊಜೆಕ್ಟರಿಗೆ ಹಾಕಿ ನೋಡಿದರು. ಅಷ್ಟಗಲದ ಪರದೆ. ಅದರ ಮಧ್ಯದಲ್ಲಿ, ಕಪಾಟಿನ ಬಾಗಿಲು ಒಂಚೂರು ತೆರೆದು ಇಣುಕಿದ ಹಾಗೆ, ಉದ್ದಕ್ಕೆ ಒಂದು ಪಟ್ಟಿ. ಎರಡೂ ಕಡೆ ಕಪ್ಪು.

"ಇದೇನೇ ಇದು?" ಅಂದಳು ಕಡ್ಡಿ.

"ಫೋನು ಉದ್ದಕ್ಕೆ ಹಿಡಿದಿದೀವಿ ಕಣೇ."

"ಉದ್ದ ಇರೋಳು ನೀನು, ಉದ್ದಕ್ಕೆ ಹಿಡಿದೆ. ನಾನ್ಯಾಕೆ ಹಿಡಿದೆ?"

"ನಿಂದು ಕಿಟಕಿ ಸಂದಿ. ಅಡ್ಡ ಹಿಡಿದ್ರೆ ಅಲ್ಲಿ ತೂರ್ತಿರ್ಲಿಲ್ಲ."

"ಒಂದು ತಿಂಗ್ಳು. ಒಬ್ರಿಗೂ ಹೊಳೀಲಿಲ್ವಲ್ಲ. ಒಬ್ಳು ಎ ಸೆಕ್ಷನ್ನು ಬೇರೆ."

"ಎ ಸೆಕ್ಷನ್ನಲ್ಲಿ ಫೋನ್ ಹಿಡಿಯೋದು ಹೇಳ್ಕೊಡಲ್ಲ."

"ಡಿ ಸೆಕ್ಷನ್ನಲ್ಲಿ ಏನೂ ಹೇಳ್ಕೊಡಲ್ಲ. ಹಾಗಾಗಿ ತಪ್ಪು ನಿಂದೇ."

ಅರ್ಧ ಗಂಟೆ ಹೀಗೇ ಕಚ್ಚಾಡಿದರು. ಆಮೇಲೆ ಇಬ್ಬರೂ ಹಾಲಿನ ನೆಲದ ಮೇಲೆ ಕಾಲು ಚಾಚಿ ಒಂದೇ ಬಿಸ್ಕತ್ತಿನ ಪೊಟ್ಟಣ ಖಾಲಿ ಮಾಡಿದರು. ಬಾಯಲ್ಲಿ ಬಿಸ್ಕತ್ತು ಇಟ್ಟುಕೊಂಡೇ ಕಡ್ಡಿ, "ಆ ಖಾಲಿ ಜಾಗದಲ್ಲಿ ಇನ್ನೊಂದು ಪಟ್ಟಿ ಕೂರತ್ತಲ್ವಾ?" ಅಂದಳು. ಏಣಿ ಅಗಿಯುವುದನ್ನು ನಿಲ್ಲಿಸಿದಳು.

ಏಣಿಯ ಮನೆಯ ಕಂಪ್ಯೂಟರಿನಲ್ಲಿ ಕೂರಿಸಿ ನೋಡಿದರು. ಎಡಗಡೆ ಎ, ಬಲಗಡೆ ಡಿ. ಅಬ್ಬಾ, ಸಿನಿಮಾ ತಾನಾಗೇ ಎದ್ದು ನಿಂತಿತು. ಎಡಗಡೆ ಪ್ರಾರ್ಥನೆಯ ನಂತರ ಮಕ್ಕಳು ಮೆಟ್ಟಿಲು ಹತ್ತುತ್ತಿದ್ದಾರೆ, ಬಲಗಡೆ ಸೈಕಲ್‌ಗಳ ನಡುವೆ ದಾರಿ ಮಾಡಿಕೊಂಡು ನುಸುಳುತ್ತಿದ್ದಾರೆ. ಎಡಗಡೆ ಫ್ಯಾನು ತಿರುಗುತ್ತಿದೆ, ಬಲಗಡೆ ಬೊಜ್ಜ ಪುಸ್ತಕದಿಂದ ಗಾಳಿ ಹಾಕಿಕೊಳ್ಳುತ್ತಿದ್ದಾನೆ. ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ನಗುತ್ತಾ ನಗುತ್ತಾ ವಿಜ್ಞಾನದ ಪಾಠಕ್ಕೆ ಬಂದರು.

ಒಂದೇ ದಿನದ ಒಂದೇ ಪಾಠ. ಎ ಸೆಕ್ಷನ್ನಿಗೆ ಎರಡನೇ ಪಿರಿಯಡ್, ಡಿ ಸೆಕ್ಷನ್ನಿಗೆ ಮೂರನೆಯದು. ಎಡಗಡೆ ಟೀಚರು ಲ್ಯಾಬಿನ ಡಬ್ಬದಿಂದ ಬ್ಯಾಟರಿ, ತಂತಿ, ಪುಟ್ಟ ಬಲ್ಬು ತೆಗೆದು ಜೋಡಿಸಿದರು. ಬಲ್ಬು ಹತ್ತಿತು, ಕ್ಲಾಸು "ಓ" ಅಂದಿತು. ಬಲಗಡೆ ಅದೇ ಟೀಚರು, ಅದೇ ಸೀರೆ. ಬೋರ್ಡಿನ ಮೇಲೆ ಸರಸರ ಚಿತ್ರ ಗೀಚಿ ಕೈ ಕೊಡವಿಕೊಂಡರು. "ಬರ್ಕೊಳ್ಳಿ. ಬಲ್ಬು ಹತ್ತಿದೆ ಅಂತ ತಿಳ್ಕೊಳ್ಳಿ, ಆಯ್ತಾ? ಪರೀಕ್ಷೆಗೆ ಬಂದ್ರೂ ನೀವೇನು ಬರೆಯೋರಲ್ಲ."

ನಗು ನಿಂತಿತು.

"ಅದು ನಮ್ಮಮ್ಮ ಕಣೇ" ಅಂದಳು ಏಣಿ.

"ನಂಗೇನು ಗೊತ್ತಿಲ್ವಾ?"

"ಇದೊಂದು ತೆಗೆಯೋಣ. ಇದೊಂದೇ."

ಕಡ್ಡಿ ಪರದೆಯಿಂದ ಕಣ್ಣು ಕೀಳಲಿಲ್ಲ. "ತೆಗಿ. ನಿಮ್ಮಮ್ಮ, ನೀನು ಹೇಳಿದ್ಮೇಲೆ ನಾನು ಬೇಡ ಅನ್ನಲ್ಲ. ಆದ್ರೆ ಹೆಸರೂ ಬದಲಾಯಿಸು. 'ನಿಮ್ಮ ಹೈಸ್ಕೂಲು' ಅಂತ ಇಡು."

ಅಷ್ಟರಲ್ಲಿ ಹಿಂದೆ ಬಾಗಿಲ ಹತ್ತಿರ ಪಾತ್ರೆ ಇಟ್ಟ ಸದ್ದಾಯಿತು. ಟೀಚರು ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, "ಇನ್ನೊಂದ್ಸಲ ಹಾಕು" ಅಂದರು. ಏಣಿ ಹಾಕಿದಳು. ಪೂರ್ತಿ ನೋಡಿದರು.

"ಇದನ್ನ ತೋರಿಸ್ತೀರಾ?"

"ತೋರಿಸ್ತೀವಿ ಮಿಸ್" ಅಂದಳು ಕಡ್ಡಿ.

ಟೀಚರ ಮುಖ ಕೆಂಪಾಯಿತು. "ಆ ಡಬ್ಬ ಇಡೀ ಶಾಲೆಗೆ ಒಂದೇ ಇದೆ, ಗೊತ್ತಾ ನಿನಗೆ? ಮೇಲಿನ ಮಹಡಿ ಬಿಟ್ಟು ಕೆಳಗೆ ತರಬಾರ್ದು ಅಂತ ಆಫೀಸಿಂದ ಹೇಳಿದ್ದಾರೆ. ಅದನ್ನ ಹಿಡಿದ್ಯಾ ನಿನ್ನ ಫೋನಲ್ಲಿ? ಬೆಳಗಿಂದ ಸಂಜೆವರೆಗೆ ನಿಂತು ನಿಂತು ನನ್ನ ಕಾಲು ಊದ್ಕೊಳ್ಳತ್ತೆ, ಅದನ್ನ ಹಿಡಿದ್ಯಾ? ನಿಮಗೆ ಕಂಡಿದ್ದು ಅದೊಂದು ಮಾತು."

"ಹಿಡೀತೀನಿ ಮಿಸ್. ಇದನ್ನೇ ಇನ್ನೊಂದ್ಸಲ ಹೇಳಿ, ಈಗ್ಲೇ ಹಿಡೀತೀನಿ. ಸಿನಿಮಾದಲ್ಲಿ ಹಾಕೋಣ."

ಟೀಚರು ಬಾಯಿ ತೆರೆದರು. ಹೆಡ್‌ಮಾಸ್ತರ ಶಾಲೆಯಲ್ಲಿ ಕೆಲಸ ಮಾಡುವವರು ಅಂಥ ಮಾತನ್ನು ಫೋನಿನ ಮುಂದೆ ಹೇಳುತ್ತಾರಾ? ಬಾಯಿ ಮುಚ್ಚಿಕೊಂಡು, ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ಒಳಗೆ ನಲ್ಲಿ ಬಹಳ ಹೊತ್ತು ಜೋರಾಗಿ ಹರಿಯಿತು.

ಏಣಿ ಆ ಭಾಗ ತೆಗೆಯಲಿಲ್ಲ.

ಹೆಡ್‌ಮಾಸ್ತರು ಆಫೀಸಿನಲ್ಲಿ ಕೂತು ಸಿನಿಮಾ ನೋಡಿದರು. ತೋಟಕ್ಕೆ ತಲೆದೂಗಿದರು, ಕಪಾಟಿಗೆ ತಲೆದೂಗಿದರು, ತಮ್ಮ ಎರಡು ಮಾತಿಗೆ ಜೋರಾಗಿ ತಲೆದೂಗಿದರು. ಪಾಠದ ಹೊತ್ತಿಗೆ ತಲೆ ನಿಂತಿತು.

"ಬಲಗಡೆದು ತೆಗೀರಿ."

"ಯಾಕೆ ಸಾರ್?" ಅಂದಳು ಕಡ್ಡಿ.

"ನೋಡೋರಿಗೆ ಗಲಿಬಿಲಿ ಆಗತ್ತೆ. ಒಂದು ಸಲಕ್ಕೆ ಒಂದು ಕಡೆ ನೋಡ್ಬೇಕಪ್ಪ ಮನುಷ್ಯ."

"ಹಾಗಾದ್ರೆ ಎಡಗಡೆದು ತೆಗೆಯೋಣ ಸಾರ್."

ಮರುದಿನವೇ ಕಡ್ಡಿಯ ಅಮ್ಮನಿಗೆ ಕರೆ ಬಂತು. ಇಸ್ತ್ರಿ ಆರಿಸಿ, ಬಟ್ಟೆಗಳಿಗೆ ಚಾದರ ಹೊದಿಸಿ ಅಮ್ಮ ಶಾಲೆಗೆ ಬಂದರು. ಹೆಡ್‌ಮಾಸ್ತರು ಕೂರಿ ಅನ್ನಲಿಲ್ಲ.

"ನಿಮ್ಮ ಮಗಳು ಶಾಲೆ ಮಾನ ಹರಾಜಿಗೆ ಹಾಕ್ತಾ ಇದ್ದಾಳೆ."

"ಏನು ಸಾರ್, ಸುಳ್ಳು ಹೇಳಿದ್ಳಾ?"

"ಸುಳ್ಳು ಅಂತಲ್ಲ. ಆದ್ರೆ ಎಲ್ಲಾ ನಿಜಾನೂ ಎಲ್ಲರ ಮುಂದೆ..."

"ಸುಳ್ಳು ಹೇಳಿದ್ರೆ ಹೇಳಿ ಸಾರ್, ಇಲ್ಲೇ ಎರಡು ಬಿಗೀತೀನಿ. ನಿಜ ಹೇಳಿದ್ದಕ್ಕೆ ಹೊಡೆಯೋದು ನಂಗೆ ರೂಢಿ ಇಲ್ಲ."

ಕಡ್ಡಿಗೆ ಎದೆ ಇಷ್ಟಗಲ ಆಯಿತು. ಆದರೆ ಗೇಟು ದಾಟಿದ್ದೇ ತಡ, ಅಮ್ಮ ಶುರು ಹಚ್ಚಿಕೊಂಡರು. "ಇನ್ನು ನಾಲ್ಕು ತಿಂಗ್ಳು ಬಾಯಿಗೆ ಬೀಗ ಹಾಕೋಕೆ ಆಗಲ್ವಾ ನಿಂಗೆ? ಹತ್ತನೇ ಕ್ಲಾಸು ಮುಗಿಸು ತಾಯಿ ಅಂತ ನಾನು ಬೆನ್ನು ಬಗ್ಗಿಸ್ಕೊಂಡು ಸಾಯ್ತೀನಿ, ನೀನು ಸಿನಿಮಾ ಅಂತೀಯ. ಯಾರ ಬಾಯಿ ಬಂದಿದ್ಯೋ ನಿಂಗೆ."

"ನಿಂದೇ" ಅಂದಳು ಕಡ್ಡಿ.

ಅಂಗಡಿಗೆ ಬಂದು ಇಸ್ತ್ರಿ ಬಿಸಿಯಾದ ಮೇಲೆ ಅಮ್ಮ, ಒಂದು ಅಂಗಿಯ ಕಾಲರನ್ನು ಒತ್ತುತ್ತಾ, "ಕೊಳೆಬಟ್ಟೆ ಮೇಲೆ ಇಸ್ತ್ರಿ ಹಾಕಿದ್ರೆ ಕೊಳೆ ಗಟ್ಟಿ ಕೂರತ್ತೆ" ಅಂದರು. ಯಾರಿಗೆ ಹೇಳಿದರೋ.

ಹೆಡ್‌ಮಾಸ್ತರ ಮಾತು ಖಡಾಖಂಡಿತ. ಬಲಗಡೆ ಪಟ್ಟಿ ತೆಗೆದರೆ ಸಿನಿಮಾ, ಇಲ್ಲದಿದ್ದರೆ ಇಲ್ಲ. ಎಡಗಡೆಯದನ್ನೇ ದೊಡ್ಡದು ಮಾಡಿ ಪರದೆ ತುಂಬಿಸಿ ಅಂದರು. ಏಣಿ ಹಾಗೇ ಮಾಡಿ ತೋರಿಸಿದಳು. ಉದ್ದದ ಚಿತ್ರವನ್ನು ಅಗಲಕ್ಕೆ ಎಳೆದರೆ ಏನಾಗಬೇಕೋ ಅದೇ ಆಯಿತು: ಮೇಲೆ ಕೆಳಗೆ ಕತ್ತರಿಸಿ ಹೋಯಿತು. ಕಪಾಟಿನಲ್ಲಿ ಕಪ್ಪುಗಳಿಲ್ಲ, ಹಲಗೆ ಮಾತ್ರ. ಟೀಚರಿಗೆ ತಲೆಯಿಲ್ಲ. ಹೆಡ್‌ಮಾಸ್ತರ ಎರಡು ಮಾತನ್ನು ಒಂದು ಮೀಸೆ ಹೇಳುತ್ತಿತ್ತು.

"ಇರ್ಲಿ ಬಿಡಿ, ಸಣ್ಣದೇ ಇರ್ಲಿ" ಅಂದರು ಹೆಡ್‌ಮಾಸ್ತರು ಮುಖ ಸಿಂಡರಿಸಿ. "ಪಕ್ಕದಲ್ಲಿ ಖಾಲಿ ಇದ್ರೆ ಖಾಲಿ ಇರ್ಲಿ."

ಆ ಖಾಲಿ ಜಾಗವೇ ಕಡ್ಡಿಗೆ ಸಾಕಾಯಿತು. ಅವತ್ತು ಸಂಜೆ ಗೇಟಿನ ಹತ್ತಿರ ಏಣಿಗೆ ಹೇಳಿದಳು: "ಚಿತ್ರ ಬೇಡ ಅಂದ್ರು ತಾನೇ. ನಾವೇ ಹೋಗಿ ನಿಲ್ತೀವಿ. ಎಡಗಡೆ ನಿಮ್ಮ ಪಾಠ ಪರದೆ ಮೇಲೆ ಓಡತ್ತೆ. ಬಲಗಡೆ ನಮ್ಮ ಪಾಠ ನಾವು ಮಾಡ್ತೀವಿ. ಆಯಾ ಹೊತ್ತಿಗೆ ಸರಿಯಾಗಿ."

ಏಣಿ ತುಂಬಾ ಹೊತ್ತು ಸೈಕಲ್ಲಿನ ಬೆಲ್ಲನ್ನು ಉಗುರಿಂದ ಕೆರೆದಳು. "ಅಮ್ಮನ ಪಾರ್ಟು ಯಾರು ಮಾಡ್ತಾರೆ?"

"ನಾನು."

"ಅಣಕಿಸಬೇಡ."

"ಅಣಕಿಸಲ್ಲ. ಅವರು ಅಂದಿದ್ದನ್ನ ಅವರು ಅಂದ ಹಾಗೇ ಅಂತೀನಿ. ಒಂದಕ್ಷರ ಜಾಸ್ತಿ ಇಲ್ಲ."

ಡಿ ಸೆಕ್ಷನ್ನಿನಲ್ಲೂ ಇದನ್ನೇ ಹೇಳಿದಳು. ಬೊಜ್ಜ, "ಹೆಡ್‌ಮಾಸ್ತ್ರು ಮನೆಗೆ ಕಳಿಸಿದ್ರೆ?" ಅಂದ.

"ಈಗ ಎಲ್ಲಿ ಕೂರಿಸಿದ್ದಾರೆ ನೋಡ್ಕೋ. ಇದಕ್ಕಿಂತ ಹಿಂದೆ ಹೋಗೋಕೆ ಜಾಗ ಇದ್ಯಾ? ಹಿಂದೆ ಕಾಂಪೌಂಡು."

ಒಂಬತ್ತು ಜನ ಒಪ್ಪಿದರು. ಉಳಿದವರು ಕಾಲುಬೆರಳು ನೋಡಿಕೊಂಡರು. ಮಧ್ಯಾಹ್ನದ ಬಿಡುವಿನಲ್ಲಿ ಬಾಗಿಲು ಮುಂದೆ ಮಾಡಿ ಅಭ್ಯಾಸ ಮಾಡಿದರು. ಏಣಿ ತನ್ನ ಫೋನಿನಲ್ಲಿ ಎಡಗಡೆಯದನ್ನು ಓಡಿಸುತ್ತಾ, "ಈಗ ಬೆಲ್ಲು... ಈಗ ಅಮ್ಮ ಬರ್ತಾರೆ... ಈಗ ಬೋರ್ಡು" ಅಂತ ಹೇಳಿಕೊಡುತ್ತಿದ್ದಳು.

ವಾರ್ಷಿಕೋತ್ಸವದ ಸಂಜೆ ಹಾಲು ಕಿಕ್ಕಿರಿದಿತ್ತು. ವೇದಿಕೆಯ ಒಂದು ಮೂಲೆಯಲ್ಲಿ ಮೇಜು, ಮೇಜಿನ ಮೇಲೆ ಬಹುಮಾನಗಳು. ಸಿನಿಮಾ ಮುಗಿದ ಮೇಲೆ ವಿತರಣೆ. ಮುಂದಿನ ಸಾಲಲ್ಲಿ ಅತಿಥಿಗಳು, ಹೆಡ್‌ಮಾಸ್ತರು, ಟೀಚರುಗಳು. ಅವರ ಹಿಂದೆ ಎ ಸೆಕ್ಷನ್, ಅಪ್ಪ ಅಮ್ಮಂದಿರು. ಡಿ ಸೆಕ್ಷನ್ ಕಟ್ಟಕಡೆಗೆ, ಬಾಗಿಲ ಬಳಿ. ದೀಪ ಆರಿತು. ಏಣಿ ಕಂಪ್ಯೂಟರಿನ ಮುಂದೆ ಕೂತು ಸಿನಿಮಾ ಹಚ್ಚಿದಳು.

ತೋಟ ಬಂತು, ಕಪಾಟು ಬಂತು, ಹೆಡ್‌ಮಾಸ್ತರು ಬಂದರು, ಚಪ್ಪಾಳೆ ಬಂತು. ಎಲ್ಲ ಎಡಗಡೆ. ಬಲಗಡೆ ಖಾಲಿ. ಪ್ರೊಜೆಕ್ಟರಿನ ಕಪ್ಪು ನಿಜವಾದ ಕಪ್ಪಲ್ಲ, ಮಂಕು ಬೂದು. ಅದರ ಮುಂದೆ ಬಿಳೀ ಯೂನಿಫಾರ್ಮು ಹಾಕಿಕೊಂಡು ಯಾರಾದರೂ ನಿಂತರೆ ಚೆನ್ನಾಗೇ ಕಾಣುತ್ತಾರೆ. ಪಾಠದ ಬೆಲ್ಲು ಹೊಡೆದಾಗ ಪಕ್ಕದ ಮೆಟ್ಟಿಲಿಂದ ಒಂಬತ್ತು ಜನ ಹತ್ತಿ ಬಂದು ಬಲಗಡೆಯ ನೆಲದ ಮೇಲೆ ಸಾಲಾಗಿ ಕೂತರು. ಕಡ್ಡಿ ಹಲಗೆಯೊಂದನ್ನು ಸ್ಟ್ಯಾಂಡಿಗೆ ಏರಿಸಿ, ಚಾಕ್‌ಪೀಸು ಹಿಡಿದು ನಿಂತಳು.

ಇದೂ ಕಾರ್ಯಕ್ರಮದ ಭಾಗ ಅಂತ ಅತಿಥಿಗಳು ಮೆಚ್ಚಿಗೆಯಿಂದ ತಲೆದೂಗಿದರು. ಹೆಡ್‌ಮಾಸ್ತರು ಎದ್ದು ನಿಲ್ಲುವ ಹಾಗೂ ಇರಲಿಲ್ಲ, ಕೂರುವ ಹಾಗೂ ಇರಲಿಲ್ಲ. ಎಡಗಡೆ ಟೀಚರು ಡಬ್ಬ ತೆರೆದರು. ಬಲಗಡೆ ಕಡ್ಡಿ ಚಿತ್ರ ಗೀಚಿದಳು. ಬ್ಯಾಟರಿ, ಬಲ್ಬು, ನಡುವೆ ಒಂದು ತಂತಿ. ಎಡಗಡೆ ಬಲ್ಬು ಹತ್ತಿ ಕ್ಲಾಸು "ಓ" ಅಂದಿತು. ಕಡ್ಡಿ ಕೈ ಕೊಡವಿಕೊಂಡಳು. "ಬರ್ಕೊಳ್ಳಿ. ಬಲ್ಬು ಹತ್ತಿದೆ ಅಂತ ತಿಳ್ಕೊಳ್ಳಿ, ಆಯ್ತಾ? ಪರೀಕ್ಷೆಗೆ ಬಂದ್ರೂ ನೀವೇನು ಬರೆಯೋರಲ್ಲ."

ಅಣಕವಿರಲಿಲ್ಲ. ಅಂದದ್ದನ್ನು ಅಂದ ಹಾಗೇ ಅಂದಳು.

ಮುಂದಿನ ಸಾಲಿನಿಂದ ಟೀಚರ ದನಿ ಬಂತು. ಅವರಿಗೆ ತಡೆಯಲಾಗಲಿಲ್ಲವೋ, ಅಥವಾ ಇಪ್ಪತ್ತು ವರ್ಷದ ಅಭ್ಯಾಸವೇ ಬಾಯಿಂದ ಹೊರಟಿತೋ. "ತಪ್ಪು. ಇನ್ನೊಂದು ತಂತಿ ಎಲ್ಲಿ?"

ಕಡ್ಡಿ ಹಲಗೆ ನೋಡಿದಳು. ಅವಳಿಗೆ ನಿಜಕ್ಕೂ ಗೊತ್ತಾಗಲಿಲ್ಲ. ಇದು ನಾಟಕದಲ್ಲಿ ಇರಲಿಲ್ಲ. "ಯಾವ ಇನ್ನೊಂದು ತಂತಿ ಮಿಸ್?"

ಎ ಸೆಕ್ಷನ್ನಿನ ಕಡೆಯಿಂದ ಕಿಸಕ್ಕನೆ ನಗು ಎದ್ದಿತು. ಒಂದೇ ತಂತಿಯಲ್ಲಿ ಬಲ್ಬು ಹತ್ತಿಸುತ್ತಾಳಂತೆ ನೋಡ್ರೋ ಅಂತ ಯಾರೋ ಅಂದರು. ನಗು ಸಾಲಿಂದ ಸಾಲಿಗೆ ಹಬ್ಬಿತು. ಇಳಿದು ಓಡಿಬಿಡೋಣ ಅಂತ ಒಂದು ಕ್ಷಣ ಕಡ್ಡಿಯ ಕಾಲು ಅಂದದ್ದು ನಿಜ. ಅವಳು ಕಾಲಿನ ಮಾತು ಕೇಳಲಿಲ್ಲ. ನೆಲದ ಮೇಲೆ ಕೂತಿದ್ದವರ ಕಡೆ ತಿರುಗಿ, "ನಿಮ್ಮ ನೋಟ್‌ಪುಸ್ತಕದಲ್ಲಿ ಎಷ್ಟು ತಂತಿ ಇದೆ?" ಅಂದಳು.

"ಒಂದು" ಅಂದ ಬೊಜ್ಜ.

"ಒಂದೇ" ಅಂದರು ಉಳಿದವರು. ಹಾಲಿನ ಹಿಂದಿನಿಂದ, ಬಾಗಿಲ ಬಳಿಯಿಂದಲೂ ದನಿ ಬಂತು: "ನಂದ್ರಲ್ಲೂ ಒಂದೇ."

ಆಗ ಕಡ್ಡಿಗೆ ಹೊಳೆಯಿತು. ಹಾಲಿನ ಕಡೆ ತಿರುಗಿದಳು. "ಮಿಸ್, ನಮ್ಮ ಕ್ಲಾಸಿನ ಬೋರ್ಡಿಗೆ ಕೆಳಗಡೆ ಬಣ್ಣ ಎದ್ದು ಹೋಗಿದೆ. ಅಲ್ಲಿ ಚಾಕ್‌ಪೀಸು ಹತ್ತಲ್ಲ. ನೀವು ಎರಡು ತಂತಿ ಗೀಚಿರ್ತೀರಿ, ಕೆಳಗಿಂದು ಬಿದ್ದಿಲ್ಲ. ನಾವು ಕಂಡಷ್ಟು ಬರ್ಕೊಂಡ್ವಿ. ಅರವತ್ತು ಜನಾನೂ. ಆಮೇಲೆ ಪುಸ್ತಕ ನೋಡಿ ಸರಿ ಗುರುತು ಹಾಕಿದ್ದು ನೀವೇ." ಆಮೇಲೆ ಎ ಸೆಕ್ಷನ್ನಿನ ಕಡೆ ಕೈ ಮಾಡಿದಳು. "ಈಗ ನಗಿ. ಜೋರಾಗಿ ನಗಿ. ನಮಗೆ ಬಲ್ಬು ತೋರಿಸಿದ್ದಿದ್ರೆ ಇದು ನಮಗೂ ಗೊತ್ತಿರ್ತಿತ್ತು."

ಯಾರೂ ನಗಲಿಲ್ಲ.

ಹೆಡ್‌ಮಾಸ್ತರು ಎದ್ದು, "ಪ್ರೊಜೆಕ್ಟರ್ ಆರಿಸ್ರಿ, ಲೈಟ್ ಹಾಕ್ರಿ" ಅಂದರು. ಪಾಪ, ಅವಸರದಲ್ಲಿ ಯೋಚಿಸಲಿಲ್ಲ. ಪ್ರೊಜೆಕ್ಟರು ಆರಿತು. ತೋಟ, ಕಪಾಟು, ಎ ಸೆಕ್ಷನ್, ಎಲ್ಲ ಮಾಯ. ಟ್ಯೂಬ್‌ಲೈಟು ಹತ್ತಿದಾಗ ವೇದಿಕೆಯ ಮೇಲೆ ಉಳಿದಿದ್ದು ಡಿ ಸೆಕ್ಷನ್ ಒಂದೇ.

"ಇಳೀರಿ ಕೆಳಗೆ."

"ಪಿರಿಯಡ್ ಮುಗಿದಿಲ್ಲ ಸಾರ್" ಅಂದಳು ಕಡ್ಡಿ.

ಹಿಂದೆ ಬಾಗಿಲ ಬಳಿ ಕುರ್ಚಿಗಳು ಸರಿದ ಸದ್ದು. ಕಾಲುಬೆರಳು ನೋಡಿಕೊಂಡಿದ್ದವರು ಒಬ್ಬೊಬ್ಬರಾಗಿ ಎದ್ದು ಬಂದರು. ಮೆಟ್ಟಿಲು ಹತ್ತಿ, ಒತ್ತಿಕೊಂಡು ಒತ್ತಿಕೊಂಡು ಕೂತರು. ಎಲ್ಲರ ಕೊನೆಗೆ ಏಣಿ ಕಂಪ್ಯೂಟರು ಬಿಟ್ಟು ಬಂದು, ಉದ್ದನೆಯ ಕಾಲು ಎಲ್ಲಿಡುವುದು ಅಂತ ತಿಳಿಯದೆ ನಿಂತಳು. "ಸ್ವಲ್ಪ ಸರ್ಕೊಳ್ರೋ, ಇವಳಿಗೆ ಎರಡು ಸೀಟು ಬೇಕು" ಅಂದ ಬೊಜ್ಜ.

ಟೀಚರು ಮಗಳನ್ನೇ ನೋಡುತ್ತಿದ್ದರು. ಆಮೇಲೆ ಅವರೂ ಎದ್ದರು. ಮಗಳನ್ನು ರಟ್ಟೆ ಹಿಡಿದು ಎಳೆದುಕೊಂಡು ಹೋಗುತ್ತಾರೆ ಅಂತಲೇ ಎಲ್ಲರೂ ಅಂದುಕೊಂಡೆವು. ಅವರು ವೇದಿಕೆ ಹತ್ತಿ, ಕಡ್ಡಿಯ ಕೈಯಿಂದ ಚಾಕ್‌ಪೀಸು ಕಿತ್ತುಕೊಂಡರು. ಮುಖ ಧುಮುಗುಡುತ್ತಿತ್ತು. ಅದರಲ್ಲಿ ಪ್ರೀತಿಗೀತಿ ಏನೂ ಇರಲಿಲ್ಲ, ಸುಳ್ಳು ಹೇಳಬಾರದು.

"ಕೂತ್ಕೋ. ನಾನು ಒಂದು ತಂತಿ ಕಲಿಸ್ದೆ ಅಂತ ನಾಳೆ ಊರೆಲ್ಲಾ ಆಡ್ಕೋಬಾರ್ದು."

ಹಲಗೆಯ ಮೇಲೆ ಎರಡನೇ ತಂತಿ ಎಳೆದರು. ಗ್ಯಾಪಿಲ್ಲದೆ, ದಪ್ಪಗೆ. ಕೆಳಗಿಂದ ಹೆಡ್‌ಮಾಸ್ತರು, "ಮೇಡಂ, ಅತಿಥಿಗಳು ಕಾಯ್ತಾ ಇದ್ದಾರೆ" ಅಂದರು.

"ಐದು ನಿಮಿಷ ಸಾರ್. ಪಾಠ ಬಾಕಿ ಇದೆ."

ಕಡ್ಡಿ ಕೂತಿರಲಿಲ್ಲ. "ಮಿಸ್, ಚಿತ್ರ ಸಾಕು. ಬಲ್ಬು ತನ್ನಿ."

ಟೀಚರು ಅವಳನ್ನು ನುಂಗುವ ಹಾಗೆ ನೋಡಿದರು. ಆಮೇಲೆ ನಿಧಾನವಾಗಿ ಹೆಡ್‌ಮಾಸ್ತರ ಕಡೆ ತಿರುಗಿದರು. "ಲ್ಯಾಬಿನ ಬೀಗದ ಕೈ ನಿಮ್ಮ ಹತ್ರ ಇದ್ಯಲ್ಲ ಸಾರ್?"

"ಅದೆಲ್ಲ ನಾಳೆ ನೋಡೋಣ."

"ಸರಿ ಸಾರ್" ಅಂದಳು ಕಡ್ಡಿ. "ನಾವಿಲ್ಲೇ ಇರ್ತೀವಿ."

ಹಾಗಂದು ಆಮೇಲೆ ಕೂತಳು. ಬಹುಮಾನದ ಮೇಜಿಗೆ ಹೋಗುವ ದಾರಿಯ ನಟ್ಟನಡುವೆ, ಏಣಿಯ ಪಕ್ಕದಲ್ಲಿ, ಕಾಲು ಮಡಚಿ. ವೇದಿಕೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಅತಿಥಿಗಳು ಗಡಿಯಾರ ನೋಡಿಕೊಂಡರು. ಅಪ್ಪ ಅಮ್ಮಂದಿರು ಗುಸುಗುಸು ಶುರು ಮಾಡಿದರು. ಹೆಡ್‌ಮಾಸ್ತರು ಒಮ್ಮೆ ಮೇಜು, ಒಮ್ಮೆ ಅರವತ್ತು ತಲೆ, ಒಮ್ಮೆ ಟೀಚರ ಕೈಯಲ್ಲಿದ್ದ ಚಾಕ್‌ಪೀಸು ನೋಡಿದರು. ಅವರ ಕೈ ಬೀಗದ ಕೈ ಇದ್ದ ಜೇಬಿನ ಹತ್ತಿರ ಹೋಗಿ ಹೋಗಿ ವಾಪಸು ಬರುತ್ತಿತ್ತು.

ಹೆಡ್‌ಮಾಸ್ತರಿಗೆ ಅವಸರವಿತ್ತು. ಡಿ ಸೆಕ್ಷನ್ನಿಗೆ ಇರಲಿಲ್ಲ. ಕಾಯುವುದರಲ್ಲಿ ಅವರಿಗೆ ಎರಡು ವರ್ಷದ ಅಭ್ಯಾಸವಿತ್ತು.